ವರದಿ ಮೇಸ್ತ್ರಿಯದು, ವಹಿ ಯಜಮಾನರದು

ಮಾರ್ಚ್ ತಿಂಗಳಿನಲ್ಲಿ ಚಿಕ್ಕಮಗಳೂರಿನಿಂದ ವಸ್ತಾರೆಯ ಕಡೆಗೆ ಬಸ್ಸಿನಲ್ಲಿ ಹೊರಟವರ ಕಿವಿಗೆ ಮತ್ತೆ ಮತ್ತೆ ಬೀಳುವ ಪ್ರಶ್ನೆಯೊಂದುಂಟು: “ನಿಮ್ಮ ಕಡೆ ಎಷ್ಟು ಸೆಂಟ್ಸ್ ಆಯ್ತು?” ಹೊರಗಿನಿಂದ ಬಂದವರು ಇದನ್ನು ಭೂಮಿಯ ಅಳತೆಯ ಮಾತೆಂದು ತಿಳಿದಾರು. ಅದು ಮಳೆಯ ಲೆಕ್ಕ. ಒಂದು ಇಂಚನ್ನು ನೂರು ಪಾಲು ಮಾಡಿದರೆ ಅದರ ಒಂದು ಪಾಲಿಗೆ ಕಾಫಿಸೀಮೆಯವರು ಒಂದು ಸೆಂಟ್ ಎನ್ನುತ್ತಾರೆ. ಹವಾಮಾನ ಇಲಾಖೆಯು ಮಳೆಯನ್ನು ಮಿಲಿಮೀಟರುಗಳಲ್ಲಿ ಎಣಿಸಿದರೂ ತೋಟಗಳ ಮಳೆವಹಿಯಲ್ಲಿ ಇಂಚು, ಸೆಂಟುಗಳದೇ ಆಡಳಿತ.

ಈ ಲೆಕ್ಕಕ್ಕೆ ಇಷ್ಟು ಬೆಲೆ ಬರಲು ಕಾರಣವಿದೆ. ಕಾಫಿಗಿಡದ ಮೊಗ್ಗುಗಳು ಬೇಸಗೆಯ ಒಣಹವೆಯಲ್ಲಿ ನಿದ್ರಿಸುತ್ತಿರುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಬೀಳುವ ಮೊದಲ ಒಳ್ಳೆಯ ಮಳೆ ಅವನ್ನು ಎಬ್ಬಿಸುತ್ತದೆ. ಅದೇ ಹೂಮಳೆ. ಮಳೆಯಾದ ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಕಂಪು ರಸ್ತೆಯವರೆಗೂ ಹಬ್ಬುತ್ತದೆ. ಆದರೆ ಮಳೆ ಸಾಲದೆ ಹೋದರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ರೊಬಸ್ಟಾ ಜಾತಿಗಂತೂ ಒಂದು ಇಂಚಿನಷ್ಟಾದರೂ ಬೇಕೆಂಬುದು ಬೆಳೆಗಾರರ ಲೆಕ್ಕ. ಕೊರತೆಯಾದಲ್ಲಿ ಕೆಲವೇ ದಿನಗಳೊಳಗೆ ಸ್ಪ್ರಿಂಕ್ಲರ್ ಹಾಕಿ ನೀರನ್ನು ತುಂಬಿಕೊಡಬೇಕು. ವರ್ಷದ ಫಸಲು ಆ ಒಂದು ಅಂಕಿಯನ್ನು ಅವಲಂಬಿಸಿದೆಯೆಂದರೆ ಅತಿಶಯೋಕ್ತಿಯಾಗದು.

ಅಂಥ ಒಂದು ಅಂಕಿಯನ್ನು ನಾವು ಕಳೆದ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಮೊದಲ ಕೆಲಸ. ಅದು ಹೇಗೆ ಕಳೆಯಿತು, ಕಳೆಯದಂತೆ ತಂತ್ರಾಂಶವನ್ನು ಹೇಗೆ ಬರೆಯಬೇಕು ಎಂಬುದು ಎರಡನೆಯದು.

ಹೂಮಳೆಯ ರಾತ್ರಿ

೨೦೨೨ರ ಮಾರ್ಚ್ ತಿಂಗಳಿನಲ್ಲಿ ನಮ್ಮ ಕಾಲೇಜಿನ ಭೌತಶಾಸ್ತ್ರದ ನಾಲ್ವರು ವಿದ್ಯಾರ್ಥಿಗಳು ವಸ್ತಾರೆಯ ಸಮೀಪದ ತೋಟವೊಂದರಲ್ಲಿ ಸ್ವಯಂಚಾಲಿತ ಮಳೆಮಾಪಕವೊಂದನ್ನು ಕಟ್ಟಿ ನಿಲ್ಲಿಸಿದರು. ಅದರ ತತ್ತ್ವ ಸುಲಭವಾದುದು. ಆಲಿಕೆಯೊಂದರ ಕೆಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ಸೆಂಟ್ ಮಳೆಗೆ ಸಮನಾದ ನೀರು ತುಂಬಿದೊಡನೆ ಒಂದು ಬಟ್ಟಲು ವಾಲಿ ನೀರನ್ನು ಚೆಲ್ಲುತ್ತದೆ. ಮತ್ತೊಂದು ಅದರ ಸ್ಥಾನಕ್ಕೆ ಬರುತ್ತದೆ. ಪ್ರತಿ ಸಲ ವಾಲಿದಾಗಲೂ ಒಂದು ಅಯಸ್ಕಾಂತವು ಸ್ವಿಚ್ಚಿನ ಎದುರು ಹಾದು ವಿದ್ಯುತ್ತಿನ ಒಂದು ಮಿಡಿತವನ್ನು ಹುಟ್ಟಿಸುತ್ತದೆ. ಪಂಪಿನ ಮನೆಯಲ್ಲಿಟ್ಟ ಅಂಗೈಯಗಲದ ಗಣಕವೊಂದು ಈ ಮಿಡಿತಗಳನ್ನು ಎಣಿಸಿ, ವೇಳೆಯೊಡನೆ ಬರೆದಿಟ್ಟು, ಬೆಳಗ್ಗೆ ಎಂಟೂವರೆಗೆ ತೋಟದ ಸಾಹುಕಾರರ ಫೋನಿಗೆ ಮೊತ್ತವನ್ನು ಕಳುಹಿಸಬೇಕು. ಎಂಟೂವರೆಯೇ ಏಕೆಂದರೆ, ನಮ್ಮ ದೇಶದ ಹವಾಮಾನ ಇಲಾಖೆಯು ದಿನದ ಮಳೆಯನ್ನು ಅಳೆಯುವ ವೇಳೆ ಅದೇ.

ಯಂತ್ರವನ್ನು ನಿಲ್ಲಿಸಿದ ಆರನೆಯ ದಿನ ರಾತ್ರಿ ಗುಡುಗು ಮಿಂಚಿನೊಡನೆ ಹೂಮಳೆ ಬಂತು. ಬೆಳಗ್ಗೆ ಸಾಹುಕಾರರ ಫೋನಿಗೆ ಯಾವ ಸಂದೇಶವೂ ಬರಲಿಲ್ಲ. ಯಂತ್ರವಿದೆಯೆಂಬ ಧೈರ್ಯದಿಂದ ತೋಟದ ರೈಟರು ತಮ್ಮ ಹಳೆಯ ಮಳೆಮಾಪಕದ ಬಾಟಲಿಯನ್ನು ಆ ವಾರ ಇಟ್ಟಿರಲಿಲ್ಲ. “ಮೇಷ್ಟ್ರೇ, ನಿಮ್ಮ ಯಂತ್ರ ಏನು ಹೇಳುತ್ತೆ? ಸ್ಪ್ರಿಂಕ್ಲರ್ ಹಾಕಿಸಲೋ ಬೇಡವೋ?” ಎಂದು ಸಾಹುಕಾರರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಪಕ್ಕದ ತೋಟದಲ್ಲಿ ಅರವತ್ತು ಸೆಂಟ್ಸ್ ಆಗಿತ್ತಂತೆ. ಆದರೆ ಮಲೆನಾಡಿನಲ್ಲಿ ಒಂದು ಗುಡ್ಡಕ್ಕೆ ಬಿದ್ದ ಮಳೆ ಆಚೆಯ ಗುಡ್ಡಕ್ಕೂ ಅಷ್ಟೇ ಬಿದ್ದಿತೆಂದು ಹೇಳಲಾಗದು. ಅನುಮಾನವನ್ನು ಪರಿಹರಿಸುವ ದಾರಿ ಕಾಣದೆ ಅವರು ಮೂರು ದಿನ ಡೀಸೆಲ್ ಸುಟ್ಟು ನೀರು ಹಾಯಿಸಿದರು. ಅದು ಬೇಕಿತ್ತೋ ಇಲ್ಲವೋ ಎಂಬುದು ಇಂದಿಗೂ ಯಾರಿಗೂ ತಿಳಿಯದು.

ಮಾತುಗಾರ ಅತಿಥಿ

ಯಂತ್ರವನ್ನು ಕಾಲೇಜಿಗೆ ತಂದು ಬಿಚ್ಚಿ ನೋಡಿದೆವು. ಬಟ್ಟಲು ಸರಿಯಾಗಿತ್ತು, ಸ್ವಿಚ್ಚು ಸರಿಯಾಗಿತ್ತು, ತಂತಿಗಳೆಲ್ಲ ಸರಿಯಾಗಿದ್ದವು. ಗಣಕದ ಮೆಮೊರಿ ಕಾರ್ಡು ಮಾತ್ರ ಅಂಚಿನವರೆಗೆ ತುಂಬಿಹೋಗಿತ್ತು. ತುಂಬಿದ್ದುದು ಮಳೆಯ ಲೆಕ್ಕವಲ್ಲ. ‘ಸಿಗ್ನಲ್ ಹುಡುಕುತ್ತಿದ್ದೇನೆ’, ‘ಸಿಗ್ನಲ್ ಸಿಗಲಿಲ್ಲ’, ‘ಮತ್ತೆ ಹುಡುಕುತ್ತಿದ್ದೇನೆ’ ಎಂಬ ಅರ್ಥದ ಸಾಲುಗಳು ಲಕ್ಷಗಟ್ಟಲೆ ಇದ್ದವು.

ಇವು ಎಲ್ಲಿಂದ ಬಂದವು? ವಿದ್ಯಾರ್ಥಿಗಳು ತಮ್ಮ ಕ್ರಮವಿಧಿಯನ್ನೆಲ್ಲ ತಾವೇ ಬರೆದಿರಲಿಲ್ಲ. ಯಾರೂ ಹಾಗೆ ಬರೆಯುವುದಿಲ್ಲ. ಲಾಗರಿದಮ್ಮಿನ ಕೋಷ್ಟಕವನ್ನು ನಾವು ಪ್ರತಿಯೊಬ್ಬರೂ ಹೊಸದಾಗಿ ಗುಣಿಸಿ ಸಿದ್ಧಪಡಿಸುವುದಿಲ್ಲವಷ್ಟೆ? ಒಮ್ಮೆ ಯಾರೋ ಮಾಡಿಟ್ಟುದನ್ನು ಎಲ್ಲರೂ ಬಳಸುತ್ತೇವೆ. ಹಾಗೆಯೇ ಒಬ್ಬರು ಬರೆದಿಟ್ಟು, ಬೇಕಾದವರೆಲ್ಲ ತಮ್ಮ ಕ್ರಮವಿಧಿಯೊಳಕ್ಕೆ ತಂದುಕೊಳ್ಳಬಹುದಾದ ತಂತ್ರಾಂಶದ ಕಟ್ಟಿಗೆ ಲೈಬ್ರರಿಯೆಂದು ಹೆಸರು. ಸಂದೇಶವನ್ನು ಮೊಬೈಲ್ ಜಾಲಕ್ಕೆ ಮುಟ್ಟಿಸುವ ಭಾಗಕ್ಕಾಗಿ ನಮ್ಮವರು ಇಂಥ ಒಂದು ಲೈಬ್ರರಿಯನ್ನು ತಂದುಕೊಂಡಿದ್ದರು. ತಾನು ಮಾಡುವ ಪ್ರತಿಯೊಂದು ಕೆಲಸವನ್ನೂ ತನ್ನದೇ ಕಡತವೊಂದರಲ್ಲಿ ಬರೆದಿಡುವುದು ಆ ಲೈಬ್ರರಿಯ ಅಭ್ಯಾಸ. ಕಡತದ ಹೆಸರು, ಸ್ಥಳಗಳನ್ನು ಅದರ ಕರ್ತೃವೇ ಗೊತ್ತುಮಾಡಿದ್ದರು. ನಿಲ್ಲಿಸಲು ಕೀಲಿಯೇ ಇರಲಿಲ್ಲ.

ಲೆಕ್ಕವನ್ನು ವಾಚಕರೂ ಮಾಡಿ ನೋಡಬಹುದು. ಸಿಗ್ನಲ್ ದುರ್ಬಲವಾಗಿದ್ದಾಗ ಸೆಕೆಂಡಿಗೆ ಸುಮಾರು ೨೦ ಸಾಲು. ಸಾಲಿಗೆ ಸುಮಾರು ೧೦೦ ಬೈಟ್. ಅಂದರೆ ಸೆಕೆಂಡಿಗೆ ೨,೦೦೦ ಬೈಟ್. ದಿನಕ್ಕೆ ೮೬,೪೦೦ ಸೆಕೆಂಡುಗಳಾದುದರಿಂದ ದಿನವೊಂದಕ್ಕೆ ೧೭ ಕೋಟಿ ೨೮ ಲಕ್ಷ ಬೈಟ್. ಕಾರ್ಡಿನಲ್ಲಿ ಉಳಿದಿದ್ದ ಜಾಗ ೧೦೦ ಕೋಟಿ ಬೈಟ್. ಭಾಗಿಸಿದರೆ ಐದೂಮುಕ್ಕಾಲು ದಿನ! ಆರನೆಯ ದಿನದ ರಾತ್ರಿ ಮಳೆ ಬರುವ ವೇಳೆಗೆ ಮಳೆಯನ್ನು ಬರೆಯಲು ಒಂದು ಸಾಲಿನಷ್ಟೂ ಸ್ಥಳವಿರಲಿಲ್ಲ. ವಿನೋದವೆಂದರೆ, ‘ಸ್ಥಳವಿಲ್ಲ’ ಎಂಬ ದೂರನ್ನು ಕೂಡ ಯಂತ್ರವು ಬರೆಯಬೇಕಾಗಿದ್ದುದು ಆ ತುಂಬಿದ ಕಾರ್ಡಿನಲ್ಲಿಯೇ.

ದಿನವಹಿ ಏಕೆ ಬೇಕು?

ಹಾಗಾದರೆ ತಂತ್ರಾಂಶವು ಏನನ್ನೂ ಬರೆದಿಡಕೂಡದೇ? ಅದೂ ಸರಿಯಲ್ಲ. ಓಡುತ್ತಿರುವ ಕ್ರಮವಿಧಿಯ ಒಳಗನ್ನು ಕಣ್ಣಿನಿಂದ ನೋಡಲು ಬರುವುದಿಲ್ಲ. ಅದು ಕೆಟ್ಟಾಗ ಏನು ನಡೆಯಿತೆಂದು ತಿಳಿಯಲು ಅದು ತಾನೇ ಬರೆದಿಟ್ಟ ದಿನವಹಿಯೊಂದೇ ಸಾಕ್ಷಿ. ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿ ಕಾವಲುಗಾರರಿಲ್ಲದೆ ನಿಂತು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ಇಂಥ ಯಂತ್ರಗಳಲ್ಲಿ ಒಂದು ಮೌನವಾದರೆ, ಕಾರಣವನ್ನು ದಿನವಹಿಯಿಂದಲ್ಲದೆ ಬೇರೆಲ್ಲಿಂದ ಅರಿಯಬೇಕು?

ಗಣಕದವರು ಈ ದಿನವಹಿಯನ್ನು ‘ಲಾಗ್’ ಎನ್ನುತ್ತಾರೆ. ಇದಕ್ಕೂ ಮೇಲೆ ಹೇಳಿದ ಲಾಗರಿದಮ್ಮಿಗೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಈ ಮಾತಿಗೆ ಮರದ ತುಂಡು ಎಂದರ್ಥ. ಹಿಂದಿನ ನಾವಿಕರು ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ಕಡಲಿಗೆ ಎಸೆದು, ಮರಳಿನ ಗಡಿಯಾರವು ಖಾಲಿಯಾಗುವುದರೊಳಗೆ ಹಗ್ಗದ ಎಷ್ಟು ಗಂಟುಗಳು ಕೈಯಿಂದ ಜಾರಿದುವೆಂದು ಎಣಿಸಿ ಹಡಗಿನ ವೇಗವನ್ನು ತಿಳಿಯುತ್ತಿದ್ದರು. ಆ ಲೆಕ್ಕವನ್ನು ಬರೆದಿಡುವ ಪುಸ್ತಕಕ್ಕೂ ಮರದ ತುಂಡಿನ ಹೆಸರೇ ಬಂತು. ಹಡಗಿನ ವೇಗವನ್ನು ಇಂದಿಗೂ ‘ನಾಟ್’, ಅಂದರೆ ಗಂಟುಗಳಲ್ಲಿ ಹೇಳುವುದು ಇದರಿಂದಲೇ.

ಭೌತಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಒಂದು ನಿಯಮವನ್ನು ನೆನೆಯಬೇಕು. ಮಂಡಲವೊಂದರ ವೋಲ್ಟೇಜನ್ನು ಅಳೆಯುವ ವೋಲ್ಟ್‌ಮೀಟರು ತಾನೇ ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡರೆ ಅಳತೆ ಕೆಡುತ್ತದೆ. ಆದುದರಿಂದಲೇ ಅದರ ರೋಧವು ಬಹಳ ದೊಡ್ಡದಾಗಿರಬೇಕು. ದಿನವಹಿಯೂ ಒಂದು ಮಾಪಕವೇ. ಅದು ತಾನು ಗಮನಿಸುತ್ತಿರುವ ಕೆಲಸಕ್ಕೆ ಅಡ್ಡಿಯಾಗಬಾರದು. ನಮ್ಮ ಮಳೆಯಂತ್ರದಲ್ಲಿ ವೋಲ್ಟ್‌ಮೀಟರೇ ಬ್ಯಾಟರಿಯನ್ನು ಕುಡಿದುಬಿಟ್ಟಿತ್ತು.

ಮೇಸ್ತ್ರಿ ಮತ್ತು ರೈಟರು

ತಪ್ಪು ಎಲ್ಲಿದೆಯೆಂದು ವಿದ್ಯಾರ್ಥಿಗಳು ಚರ್ಚಿಸುತ್ತಿದ್ದಾಗ ದಾರಿ ತೋರಿಸಿದ್ದು ತೋಟದ ರೈಟರ ಮಾತು. ಕೊಯ್ಲಿನ ಕಾಲದಲ್ಲಿ ಹೊರಗಿನ ಮೇಸ್ತ್ರಿಯೊಬ್ಬನು ಆಳುಗಳನ್ನು ಕರೆತರುತ್ತಾನೆ. ಸಂಜೆ ಅವನು ರೈಟರ ಮುಂದೆ ನಿಂತು ಹೇಳುತ್ತಾನೆ: ಇಂದು ಇಷ್ಟು ಜನ, ಇಷ್ಟು ಚೀಲ ಹಣ್ಣು, ಒಬ್ಬಳ ಕಾಲಿಗೆ ಮುಳ್ಳು ಚುಚ್ಚಿದೆ, ಮೇಲಿನ ಪಟ್ಟೆಯಲ್ಲಿ ಬೇಲಿ ಮುರಿದಿದೆ. ಇವುಗಳಲ್ಲಿ ಹಾಜರಿಯನ್ನು ಚೆಕ್‌ರೋಲಿಗೆ ಬರೆಯಬೇಕೋ, ಚೀಲದ ಲೆಕ್ಕವನ್ನು ಬೇರೆ ಪುಸ್ತಕಕ್ಕೆ ಹಾಕಬೇಕೋ, ಬೇಲಿಯ ವಿಷಯವನ್ನು ಆ ರಾತ್ರಿಯೇ ಸಾಹುಕಾರರಿಗೆ ತಿಳಿಸಬೇಕೋ, ಮುಳ್ಳಿನ ಮಾತನ್ನು ಕೇಳಿ ಬಿಡಬೇಕೋ ಎಂಬುದನ್ನು ಗೊತ್ತುಮಾಡುವುದು ಆ ತೋಟದ ಪದ್ಧತಿ. ಮೇಸ್ತ್ರಿಯು ತನ್ನದೇ ವಹಿಯನ್ನು ತಂದು ಸಾಹುಕಾರರ ಮೇಜಿನ ಮೇಲೆ ಹರಡುವುದಿಲ್ಲ. ನಾಳೆ ಅವನು ಆಲ್ದೂರಿನ ತೋಟಕ್ಕೆ ಹೋಗಬಹುದು, ನಾಡಿದ್ದು ಮೂಡಿಗೆರೆಗೆ. ಅಲ್ಲಿಯ ರೈಟರ ಪದ್ಧತಿ ಬೇರೆಯಾಗಿದ್ದರೂ ಅವನು ಹೇಳುವ ರೀತಿ ಬದಲಾಗಬೇಕಾದುದಿಲ್ಲ.

ಲೈಬ್ರರಿಯೆಂಬುದು ಇಂಥ ಮೇಸ್ತ್ರಿ. ಅದನ್ನು ಬರೆದವರಿಗೆ ತಮ್ಮ ಕೃತಿ ಯಾರ ಮನೆಯಲ್ಲಿ ಕೆಲಸ ಮಾಡೀತೆಂಬುದು ತಿಳಿಯದು. ಒಂದು ಕಡೆ ಅದು ಬ್ಯಾಂಕಿನ ದೊಡ್ಡ ಗಣಕದಲ್ಲಿರಬಹುದು, ಮತ್ತೊಂದು ಕಡೆ ಪಂಪಿನ ಮನೆಯ ಪುಟ್ಟ ಗಣಕದಲ್ಲಿ. ಒಂದೆಡೆ ಪ್ರತಿಯೊಂದು ಸಾಲನ್ನೂ ವರ್ಷಗಟ್ಟಲೆ ಕಾಪಾಡಬೇಕೆಂಬ ಕಟ್ಟಳೆಯಿರಬಹುದು, ಇನ್ನೊಂದೆಡೆ ಒಂದು ಸಾಲಿಗೂ ಸ್ಥಳವಿಲ್ಲದಿರಬಹುದು. ಆದುದರಿಂದ ಲೈಬ್ರರಿಯು ನಡೆದುದನ್ನು ಹೇಳಬೇಕು. ಎಲ್ಲಿ, ಯಾವ ರೂಪದಲ್ಲಿ, ಎಷ್ಟು ಬರೆಯಬೇಕೆಂಬುದನ್ನು ಯಜಮಾನ ಕ್ರಮವಿಧಿಗೆ ಬಿಡಬೇಕು. ಇವರಿಬ್ಬರ ನಡುವೆ ‘ಹೇಳುವ ರೀತಿ’ಯನ್ನು ಮಾತ್ರ ಗೊತ್ತುಮಾಡುವ ಒಪ್ಪಂದಕ್ಕೆ ದಿನವಹಿಯ ಸಾಮಾನ್ಯ ಇಂಟರ್‌ಫೇಸ್ ಎಂದು ಹೆಸರು. ಬಲ್ಬಿಗೂ ಹೋಲ್ಡರಿಗೂ ಇರುವ ಒಪ್ಪಂದದಂತೆಯೇ ಇದು. ಬಲ್ಬನ್ನು ಮಾಡುವವನು ವಿದ್ಯುತ್ತು ಶರಾವತಿಯಿಂದ ಬಂದಿತೋ ಸೂರ್ಯನಿಂದ ಬಂದಿತೋ ಎಂದು ಕೇಳುವುದಿಲ್ಲ. ಹೋಲ್ಡರಿಗೆ ಹೊಂದುವಂತೆ ತಳವನ್ನು ಮಾಡಿದರೆ ಅವನ ಹೊಣೆ ತೀರಿತು.

ಈ ಒಪ್ಪಂದದಲ್ಲಿ ಮೂರು ಅಂಶಗಳಿದ್ದರೆ ಸಾಕು. ಮೊದಲನೆಯದು, ಹೇಳುವವರ ಹೆಸರು: ಯಾವ ಲೈಬ್ರರಿಯ ಯಾವ ಭಾಗದಿಂದ ಈ ಮಾತು ಬಂದಿದೆ? ಎರಡನೆಯದು, ಮಾತಿನ ತೀವ್ರತೆ: ಇದು ಬರಿಯ ಮಾಹಿತಿಯೋ, ಎಚ್ಚರಿಕೆಯೋ, ದೋಷವೋ, ಸರ್ವನಾಶವೋ? ಮೂರನೆಯದು, ಮಾತು. ತೀವ್ರತೆಯ ಮೆಟ್ಟಿಲುಗಳಿಗೆ ಹಳೆಯ ಪರಂಪರೆಯುಂಟು. ಯುನಿಕ್ಸ್ ಗಣಕಗಳಿಗಾಗಿ ಎರಿಕ್ ಆಲ್‌ಮನ್ ಅವರು ೧೯೮೦ರ ದಶಕದಲ್ಲಿ ರೂಪಿಸಿದ ‘ಸಿಸ್‌ಲಾಗ್’ ಪದ್ಧತಿಯಲ್ಲಿ ಇಂಥ ಎಂಟು ಮೆಟ್ಟಿಲುಗಳಿದ್ದು, ಸೊನ್ನೆಯು ಅತಿ ಗಂಭೀರವಾದುದನ್ನೂ ಏಳು ಅತಿ ಸಾಮಾನ್ಯವಾದುದನ್ನೂ ಸೂಚಿಸುತ್ತವೆ. ಪಿಎಚ್‌ಪಿ ಭಾಷೆಯವರ ‘ಪಿಎಸ್‌ಆರ್-೩’ ಎಂಬ ಸಾಮಾನ್ಯ ಇಂಟರ್‌ಫೇಸು ಈ ಎಂಟನ್ನೇ ಸ್ವೀಕರಿಸಿದೆ.

ಕಡತದ ಹೆಸರು ಈ ಮೂರರಲ್ಲಿ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದು ಇಲ್ಲದಿರುವುದೇ ಈ ಒಪ್ಪಂದದ ಗುಟ್ಟು.

ಇನ್ನೊಂದು ಪ್ರಯೋಜನವುಂಟು. ‘ಮಾಹಿತಿಯ ಮಟ್ಟದ ಮಾತುಗಳು ಬೇಡ’ ಎಂದು ಯಜಮಾನರು ಹೇಳಿದ್ದರೆ, ಲೈಬ್ರರಿಯು ಆ ಮಾತನ್ನು ಕಟ್ಟುವ ಶ್ರಮವನ್ನೂ ಉಳಿಸಬಹುದು. ಒಳ್ಳೆಯ ಇಂಟರ್‌ಫೇಸುಗಳು ಮಾತಿನ ಅಚ್ಚನ್ನೂ ಅದರೊಳಗೆ ತುಂಬಬೇಕಾದ ಅಂಕಿಗಳನ್ನೂ ಬೇರೆ ಬೇರೆಯಾಗಿ ಪಡೆದು, ಬರೆಯುವುದು ನಿಶ್ಚಯವಾದ ಮೇಲೆ ಮಾತ್ರ ಅವನ್ನು ಜೋಡಿಸುತ್ತವೆ. ವೋಲ್ಟ್‌ಮೀಟರಿನ ರೋಧವನ್ನು ಹೆಚ್ಚಿಸುವುದೆಂದರೆ ಇದೇ.

ಒಪ್ಪಂದಗಳ ಇತಿಹಾಸ

ಈ ವಿವೇಕವು ಒಂದೇ ದಿನದಲ್ಲಿ ಬಂದುದಲ್ಲ. ಅದಕ್ಕೆ ಜಾವಾ ಭಾಷೆಯ ಕಥೆ ಒಳ್ಳೆಯ ನಿದರ್ಶನ. ಜೆಕಿ ಗುಲ್ಜು ಮತ್ತು ಅವರ ಸಂಗಡಿಗರು ೧೯೯೦ರ ದಶಕದ ಕೊನೆಯ ವರ್ಷಗಳಲ್ಲಿ ಜಾವಾ ಭಾಷೆಗೆ ‘ಲಾಗ್‌ಫೋರ್‌ಜೆ’ ಎಂಬ ದಿನವಹಿ ಯಂತ್ರವನ್ನು ರಚಿಸಿದರು. ಅದು ಬಹು ಜನಪ್ರಿಯವಾಯಿತು. ಆದರೆ ೨೦೦೨ರಲ್ಲಿ ಹೊರಬಂದ ಜಾವಾ ೧.೪ ತನ್ನದೇ ಮತ್ತೊಂದು ದಿನವಹಿ ವ್ಯವಸ್ಥೆಯನ್ನು ಜೊತೆಗೆ ತಂದಿತು. ಈಗ ಲೈಬ್ರರಿ ಬರೆಯುವವರಿಗೆ ಧರ್ಮಸಂಕಟ. ಒಂದನ್ನು ಆರಿಸಿದರೆ ಮತ್ತೊಂದನ್ನು ಬಳಸುವ ಯಜಮಾನರಿಗೆ ತೊಂದರೆ. ಇಂಥ ಹತ್ತು ಲೈಬ್ರರಿಗಳು ಒಂದೇ ಕ್ರಮವಿಧಿಯೊಳಗೆ ಸೇರಿದರೆ ಎರಡು ಮೂರು ವಹಿಗಳು ಏಕಕಾಲಕ್ಕೆ ನಡೆದು, ಒಂದರ ಲೆಕ್ಕ ಮತ್ತೊಂದಕ್ಕೆ ತಾಳೆಯಾಗದ ಸ್ಥಿತಿ.

ಅಪಾಚೆ ಸಂಸ್ಥೆಯ ‘ಕಾಮನ್ಸ್ ಲಾಗಿಂಗ್’ ಈ ಕೊರತೆಯನ್ನು ನೀಗಲು ಹುಟ್ಟಿತು. ಲೈಬ್ರರಿಯು ಇದರೊಡನೆ ಮಾತಾಡಿದರೆ ಸಾಕು. ಹಿಂದೆ ಯಾವ ಯಂತ್ರವಿದೆಯೆಂದು ಅದು ತಾನೇ ಹುಡುಕಿಕೊಳ್ಳುತ್ತಿತ್ತು. ಆ ಹುಡುಕಾಟವೇ ಅದಕ್ಕೆ ಮುಳುವಾಯಿತು. ದೊಡ್ಡ ಗಣಕಗಳಲ್ಲಿ ಒಂದರೊಳಗೊಂದು ಕ್ರಮವಿಧಿಗಳು ಅಡಕವಾಗಿರುವಾಗ ಅದು ತಪ್ಪು ಕೋಣೆಯಲ್ಲಿ ಹುಡುಕಿ, ತಪ್ಪು ಯಂತ್ರವನ್ನು ಹಿಡಿದು, ಅರ್ಥವಾಗದ ದೋಷಗಳನ್ನು ತಂದೊಡ್ಡುತ್ತಿತ್ತು. ಇದನ್ನು ಕಂಡ ಗುಲ್ಜು ಅವರೇ ೨೦೦೫ರ ಸುಮಾರಿಗೆ ‘ಎಸ್‌ಎಲ್‌ಎಫ್‌ಫೋರ್‌ಜೆ’ ಎಂಬ ಇಂಟರ್‌ಫೇಸನ್ನು ಆರಂಭಿಸಿದರು. ಇದರಲ್ಲಿ ಊಹೆಯಿಂದ ಹುಡುಕುವ ಗೋಜಿಲ್ಲ; ಯಜಮಾನರು ಯಾವ ಯಂತ್ರದ ಜೋಡಣೆಯನ್ನು ಕ್ರಮವಿಧಿಯ ಜೊತೆಗಿಟ್ಟಿರುವರೋ ಅದೇ ನಡೆಯುತ್ತದೆ. ಏನನ್ನೂ ಇಡದಿದ್ದರೆ ಅದು ಆರಂಭದಲ್ಲಿ ಎಚ್ಚರಿಸಿ, ಮುಂದಿನ ಮಾತುಗಳನ್ನು ಸುಮ್ಮನೆ ಬಿಟ್ಟುಬಿಡುತ್ತದೆ.

ನಮ್ಮ ವಿದ್ಯಾರ್ಥಿಗಳು ಬಳಸಿದ ಪೈಥಾನ್ ಭಾಷೆಯಲ್ಲಿ ಈ ತೊಂದರೆ ಕಡಮೆ. ವಿನಯ್ ಸಜಿಪ್ ಅವರು ರಚಿಸಿದ ದಿನವಹಿ ವ್ಯವಸ್ಥೆಯು ೨೦೦೩ರಲ್ಲಿ ಪೈಥಾನ್ ೨.೩ರೊಡನೆ ಭಾಷೆಯ ಅಂಗವೇ ಆಗಿಹೋಯಿತು. ಎಲ್ಲರೂ ಬಳಸಬಹುದಾದ ಒಪ್ಪಂದವು ಹೀಗೆ ಮೊದಲಿಗೇ ದೊರೆಯಿತು. ಅನಂತರ ಅದಕ್ಕೆ ‘ನಲ್ ಹ್ಯಾಂಡ್ಲರ್’ ಎಂಬ ಒಬ್ಬ ವಿಚಿತ್ರ ಗುಮಾಸ್ತ ಸೇರಿದನು. ಹೇಳಿದುದನ್ನೆಲ್ಲ ಕೇಳಿ ಏನನ್ನೂ ಬರೆಯದಿರುವುದೇ ಅವನ ಉದ್ಯೋಗ! ಲೈಬ್ರರಿಗಳು ಈ ಶೂನ್ಯ ಗುಮಾಸ್ತನನ್ನುಳಿದು ಮತ್ತಾರನ್ನೂ ತಾವಾಗಿ ನೇಮಿಸಿಕೊಳ್ಳಬಾರದೆಂದು ಪೈಥಾನಿನ ಅಧಿಕೃತ ಕೈಪಿಡಿ ಒತ್ತಿ ಹೇಳುತ್ತದೆ. ನಾವು ತಂದುಕೊಂಡ ಲೈಬ್ರರಿಯ ಕರ್ತೃ ಈ ಮಾತನ್ನು ಪಾಲಿಸಿರಲಿಲ್ಲ. ತಂದುಕೊಳ್ಳುವ ಮುನ್ನ ಒಳಗನ್ನು ನಾವೂ ಓದಿರಲಿಲ್ಲ.

ಜಗತ್ತೇ ಬೆಚ್ಚಿದ ಡಿಸೆಂಬರ್

ನಮ್ಮ ನಷ್ಟ ಮೂರು ದಿನದ ಡೀಸೆಲು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ, ೨೦೨೧ರ ಡಿಸೆಂಬರಿನಲ್ಲಿ, ಇದೇ ದಿನವಹಿಯ ವಿಷಯವು ಇಡೀ ಪ್ರಪಂಚದ ತಂತ್ರಾಂಶ ಉದ್ಯಮವನ್ನು ನಿದ್ದೆಗೆಡಿಸಿತ್ತು.

ಮೇಲೆ ಹೇಳಿದ ಲಾಗ್‌ಫೋರ್‌ಜೆಯ ಎರಡನೆಯ ಪೀಳಿಗೆಯಲ್ಲಿ ಒಂದು ಅತಿಜಾಣತನವಿತ್ತು. ಬರೆಯಬೇಕಾದ ಮಾತಿನೊಳಗೆ ವಿಶೇಷ ಚಿಹ್ನೆಗಳಿಂದ ಕೂಡಿದ ಒಂದು ಆದೇಶ ಕಂಡುಬಂದರೆ, ಅದು ಆ ಮಾತನ್ನು ಇದ್ದಂತೆಯೇ ಬರೆಯುವ ಬದಲು ಆದೇಶವನ್ನು ಪಾಲಿಸುತ್ತಿತ್ತು. ಬೇರೊಂದು ಗಣಕದಿಂದ ವಸ್ತುವೊಂದನ್ನು ತರಿಸಿಕೊಳ್ಳುವುದೂ ಅಂಥ ಆದೇಶಗಳಲ್ಲೊಂದು. ಮೇಸ್ತ್ರಿ ಹೇಳಿದ ವಾಕ್ಯದ ನಡುವೆ ‘ಕಿಟಕಿಯಾಚೆ ನಿಂತವನನ್ನು ಒಳಗೆ ಕರೆ’ ಎಂಬ ಮಾತಿದ್ದರೆ ರೈಟರು ಅದನ್ನು ವಹಿಯಲ್ಲಿ ಬರೆಯದೆ ಎದ್ದುಹೋಗಿ ಬಾಗಿಲು ತೆರೆದಂತೆ! ದುಷ್ಟನೊಬ್ಬನು ತನ್ನ ಹೆಸರನ್ನು ಬರೆಯಬೇಕಾದ ಜಾಗದಲ್ಲಿ ಈ ಆದೇಶವನ್ನು ಬರೆದರೂ ಸಾಕಾಗಿತ್ತು. ಆ ಹೆಸರನ್ನು ದಿನವಹಿಗೆ ಬರೆಯಹೊರಟ ಗಣಕವು ಅವನ ಕೈವಶವಾಗುತ್ತಿತ್ತು. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಂತೂ ಆಟಗಾರರ ನಡುವಿನ ಹರಟೆಯ ಒಂದು ಸಾಲೇ ಆ ಕೆಲಸ ಮಾಡಿತು.

ಅಲಿಬಾಬ ಸಂಸ್ಥೆಯ ಸುರಕ್ಷಾ ತಂಡದವರು ನವೆಂಬರ್ ೨೪ರಂದು ಈ ದೋಷವನ್ನು ಅಪಾಚೆ ಸಂಸ್ಥೆಗೆ ತಿಳಿಸಿದರು. ಡಿಸೆಂಬರ್ ಎರಡನೆಯ ವಾರದ ವೇಳೆಗೆ ಅದು ಜಗಜ್ಜಾಹೀರಾಯಿತು. ದೋಷಗಳ ತೀವ್ರತೆಯನ್ನು ಅಳೆಯುವ ಮಾನದಂಡದಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ ಬಂತು. ಒಂದೇ ತಿಂಗಳಿನಲ್ಲಿ ೨.೧೫, ೨.೧೬, ೨.೧೭ ಎಂದು ತಿದ್ದುಪಡಿಗಳು ಒಂದರ ಹಿಂದೊಂದು ಹೊರಬಂದವು.

ಈಗ ನಮ್ಮ ವಿಷಯಕ್ಕೆ ಬರೋಣ. ಲಾಗ್‌ಫೋರ್‌ಜೆಯಲ್ಲಿ ಎರಡು ಭಾಗಗಳಿವೆ. ಒಂದು, ಹೇಳುವ ರೀತಿಯನ್ನು ಗೊತ್ತುಮಾಡುವ ಇಂಟರ್‌ಫೇಸ್. ಮತ್ತೊಂದು, ಬರೆಯುವ ಯಂತ್ರ. ದೋಷವಿದ್ದುದು ಯಂತ್ರದ ಭಾಗದಲ್ಲಿ ಮಾತ್ರ. ಗೂಗಲ್ ಸಂಸ್ಥೆಯವರು ಜಾವಾದ ಬಹುದೊಡ್ಡ ಉಗ್ರಾಣವಾದ ಮೇವನ್ ಸೆಂಟ್ರಲ್ಲಿನಲ್ಲಿ ಈ ದೋಷದ ಹರವನ್ನು ಎಣಿಸಿದಾಗ ಮೊದಲು ದೊರೆತ ಸಂಖ್ಯೆ ೩೫,೦೦೦ಕ್ಕೂ ಹೆಚ್ಚು. ಉಗ್ರಾಣದ ಶೇಕಡ ೮. ಇಂಟರ್‌ಫೇಸನ್ನು ಬಳಸಿದ್ದವನ್ನೂ ಯಂತ್ರವನ್ನು ಹೊತ್ತು ತಂದಿದ್ದವನ್ನೂ ಅದರಲ್ಲಿ ಒಟ್ಟಿಗೆ ಎಣಿಸಿದ್ದರು. ಯಂತ್ರವನ್ನು ಅವಲಂಬಿಸಿದ್ದವನ್ನು ಮಾತ್ರ ಎಣಿಸಿದಾಗ ಸಂಖ್ಯೆ ಸುಮಾರು ೧೭,೦೦೦ಕ್ಕೆ, ಅಂದರೆ ಶೇಕಡ ೪ಕ್ಕೆ, ಇಳಿಯಿತು. ಮೇಸ್ತ್ರಿಯಂತೆ ವರದಿ ಹೇಳಿ ಸುಮ್ಮನಾದವರು ಈ ಎಣಿಕೆಯಿಂದ ಹೊರಗುಳಿದರು.

ಹೊರಗುಳಿಯದವರ ಕಷ್ಟ ದೊಡ್ಡದು. ಒಂದು ಲೈಬ್ರರಿಯೊಳಗೆ ಮತ್ತೊಂದು, ಅದರೊಳಗೆ ಇನ್ನೊಂದು ಎಂದು ಯಂತ್ರವು ಹೂತುಹೋಗಿತ್ತು. ಶೇಕಡ ೮೦ಕ್ಕೂ ಹೆಚ್ಚಿನವುಗಳಲ್ಲಿ ದೋಷವು ಒಂದಕ್ಕಿಂತ ಹೆಚ್ಚು ಮೆಟ್ಟಿಲು ಕೆಳಗಿತ್ತು. ಕೆಳಗಿನವರು ತಿದ್ದುವವರೆಗೆ ಮೇಲಿನವರು ಕಾಯಬೇಕು. ತಮ್ಮ ಮನೆಯೊಳಗೆ ಈ ಅತಿಥಿ ಇರುವನೆಂಬುದೇ ಎಷ್ಟೋ ಯಜಮಾನರಿಗೆ ತಿಳಿದಿರಲಿಲ್ಲ. ಅಮೆರಿಕದ ಸರ್ಕಾರ ನೇಮಿಸಿದ ಪರಿಶೀಲನ ಮಂಡಲಿಯು ೨೦೨೨ರ ಜುಲೈ ತಿಂಗಳ ತನ್ನ ವರದಿಯಲ್ಲಿ, ಈ ದೋಷವು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅಲ್ಲಲ್ಲಿ ಉಳಿದೀತೆಂದು ಅಭಿಪ್ರಾಯಪಟ್ಟಿತು.

ಸಾಮಾನ್ಯ ಇಂಟರ್‌ಫೇಸು ಇದ್ದಿದ್ದರೆ ದೋಷವೇ ಬರುತ್ತಿರಲಿಲ್ಲವೆಂದು ಇದರ ಅರ್ಥವಲ್ಲ. ಯಜಮಾನರೇ ದೋಷವಿದ್ದ ಯಂತ್ರವನ್ನು ಆರಿಸಿದ್ದರ ಪಕ್ಷದಲ್ಲಿ ಅವರೂ ಸಿಕ್ಕಿಬೀಳುತ್ತಿದ್ದರು. ಆದರೆ ಅವರು ಬದಲಾಯಿಸಬೇಕಾದುದು ಒಂದೇ ಸ್ಥಳದಲ್ಲಿ, ತಮ್ಮ ಕೈಗೆಟಕುವ ಸ್ಥಳದಲ್ಲಿ. ಬಲ್ಬು ಸುಟ್ಟರೆ ಬಲ್ಬನ್ನು ಬದಲಿಸಬಹುದು. ಮನೆಯ ತಂತಿಯನ್ನೆಲ್ಲ ಕೀಳಬೇಕಾಗಿಲ್ಲ.

ಕೆಲವು ಎಚ್ಚರಿಕೆಗಳು

ಯಾವ ಒಳ್ಳೆಯ ಪದ್ಧತಿಯೂ ಮಿತಿಮೀರಿದರೆ ಕೆಡುತ್ತದೆ. ಪ್ರತಿಯೊಬ್ಬ ಲೇಖಕನೂ ತನ್ನದೇ ‘ಸಾಮಾನ್ಯ’ ಇಂಟರ್‌ಫೇಸನ್ನು ಹೊಸದಾಗಿ ಕಟ್ಟಹೊರಟರೆ ಸಾಮಾನ್ಯವೆಂಬ ಮಾತಿಗೆ ಅರ್ಥ ಉಳಿಯದು. ಭಾಷೆಯಲ್ಲಿಯೇ ಒಂದು ಒಪ್ಪಂದವಿದ್ದರೆ ಅದನ್ನೇ ಹಿಡಿಯಬೇಕು. ಇಲ್ಲದಿದ್ದರೆ ಹೆಚ್ಚು ಜನ ಬಳಸುವುದನ್ನು. ತಾನೊಬ್ಬನೇ ಬರೆದು ತಾನೊಬ್ಬನೇ ಓಡಿಸುವ ಸಣ್ಣ ಕ್ರಮವಿಧಿಗೆ ಈ ಏರ್ಪಾಡೆಲ್ಲ ಬೇಕೇ ಎಂದರೆ, ಅನೇಕ ವೇಳೆ ಬೇಡ. ಸ್ವಂತ ಹಿತ್ತಲಿನಲ್ಲಿ ನಾಲ್ಕು ಗಿಡ ಬೆಳೆಯುವವನಿಗೆ ರೈಟರ ಅಗತ್ಯವಿಲ್ಲ.

ತೀರ ಚಿಕ್ಕ ಲೈಬ್ರರಿಯು ಮೌನವಾಗಿರುವುದೂ ಒಳ್ಳೆಯದೇ. ವರ್ಗಮೂಲವನ್ನು ಕಂಡುಹಿಡಿಯುವ ಭಾಗಕ್ಕೆ ಹೇಳುವುದೇನಿದೆ? ಕೆಲಸ ಆಗದಿದ್ದರೆ ಕರೆದವರಿಗೆ ದೋಷವನ್ನು ನೇರವಾಗಿ ಹಿಂದಿರುಗಿಸಿದರೆ ಆಯಿತು. ವಹಿಯಲ್ಲಿ ಬರೆದಿದ್ದೇನೆಂಬ ನೆಪದಿಂದ ಯಜಮಾನರಿಗೆ ಮುಖಾಮುಖಿ ಹೇಳಬೇಕಾದುದನ್ನು ನುಂಗಕೂಡದು. ಗುಪ್ತಪದ, ಫೋನ್ ಸಂಖ್ಯೆ ಮುಂತಾದುವನ್ನು ಮೇಸ್ತ್ರಿಯು ಬಾಯಿಬಿಟ್ಟು ಹೇಳಲೇಬಾರದು. ಆ ಮಾತು ಯಾವ ವಹಿಗೆ ಸೇರೀತೆಂಬುದು ಅವನ ಕೈಯಲ್ಲಿಲ್ಲವಷ್ಟೆ.

ಮರಳಿ ವಸ್ತಾರೆಗೆ

ನಮ್ಮ ವಿದ್ಯಾರ್ಥಿಗಳು ಮೊದಲು ಆ ಲೈಬ್ರರಿಯ ತಮ್ಮ ಪ್ರತಿಯಲ್ಲಿ ಬರೆಯುವ ಸಾಲುಗಳನ್ನು ಅಳಿಸಿಹಾಕಲು ಹೊರಟರು. ಹಾಗೆ ಮಾಡಿದರೆ ಮುಂದಿನ ಆವೃತ್ತಿಯೊಡನೆ ಅವೆಲ್ಲ ಮತ್ತೆ ಬರುತ್ತವೆಂದು ಅವರಲ್ಲೊಬ್ಬಳಿಗೆ ಹೊಳೆಯಿತು. ಅಲ್ಲದೆ ಸಿಗ್ನಲ್ಲಿನ ವರದಿ ನಿರುಪಯೋಗವೇನಲ್ಲ. ಗೋಪುರವು ದೂರವಿರುವ ತೋಟದಲ್ಲಿ ಅದೇ ಮುಖ್ಯವಾದೀತು. ಕೊನೆಗೆ ಅವರು ಸ್ವಂತ ಕಡತಕ್ಕೆ ಬರೆಯುತ್ತಿದ್ದ ಪ್ರತಿಯೊಂದು ಸಾಲನ್ನೂ ಪೈಥಾನಿನ ಸಾಮಾನ್ಯ ಇಂಟರ್‌ಫೇಸಿಗೆ ತಿರುಗಿಸಿ, ಶೂನ್ಯ ಗುಮಾಸ್ತನನ್ನು ಬಾಗಿಲಲ್ಲಿ ಕೂರಿಸಿ, ತಿದ್ದಿದುದನ್ನು ವಿವರಣೆಯೊಡನೆ ಕರ್ತೃವಿಗೆ ಕಳುಹಿಸಿದರು. ಕರ್ತೃವು ಅದನ್ನು ಸಂತೋಷದಿಂದ ಸ್ವೀಕರಿಸಿದರು.

ಅನಂತರ ಯಜಮಾನ ಕ್ರಮವಿಧಿಯಲ್ಲಿ ಕೆಲವೇ ಸಾಲುಗಳ ಏರ್ಪಾಡು ಸಾಕಾಯಿತು. ಸಿಗ್ನಲ್ ಲೈಬ್ರರಿಯಿಂದ ಎಚ್ಚರಿಕೆಗಿಂತ ಕೆಳಗಿನ ಮಾತು ಬೇಡ. ಉಳಿದುದನ್ನು ಹತ್ತು ಲಕ್ಷ ಬೈಟಿನ ಒಂದು ಕಡತಕ್ಕೆ ಬರೆ. ತುಂಬಿದರೆ ಹಳೆಯದನ್ನು ಅಳಿಸಿ ಹೊಸದನ್ನು ಆರಂಭಿಸು. ಮಳೆಯ ಲೆಕ್ಕಕ್ಕೆ ಬೇರೆಯೇ ಜಾಗ; ಅಲ್ಲಿಗೆ ಯಾರೂ ಬರಕೂಡದು. ವಿಪತ್ತಿನ ಮಟ್ಟದ ಮಾತು ಬಂದರೆ ಫೋನಿಗೆ ಸಂದೇಶ ಕಳುಹಿಸು, ಜೊತೆಗೆ ಪಂಪಿನ ಮನೆಯ ಕೆಂಪು ದೀಪವನ್ನು ಹೊತ್ತಿಸು. ಇವುಗಳಲ್ಲಿ ಒಂದಕ್ಕಾಗಿಯೂ ಲೈಬ್ರರಿಯೊಳಗೆ ಕೈಹಾಕಬೇಕಾಗಲಿಲ್ಲ.

ಮರುವರ್ಷದ ಹೂಮಳೆಯ ಹೊತ್ತಿಗೆ ಯಂತ್ರವು ವಸ್ತಾರೆಗೆ ಮರಳಿತು. ಈ ಸಲ ರೈಟರು ತಮ್ಮ ಬಾಟಲಿಯನ್ನೂ ಪಕ್ಕದಲ್ಲಿಟ್ಟಿದ್ದರು. ಇಡಬೇಕೆಂದು ನಾವೇ ಬೇಡಿಕೊಂಡಿದ್ದೆವು. ಮಳೆಯಾದ ಮರುದಿನ ಬೆಳಗ್ಗೆ ಎಂಟೂವರೆಗೆ ಸಂದೇಶ ಬಂತು: ಒಂದು ಇಂಚು ಎಂಟು ಸೆಂಟ್ಸ್. ಬಾಟಲಿಯಲ್ಲಿ ಒಂದು ಇಂಚು ಹನ್ನೊಂದು. ಬಿರುಮಳೆಯಲ್ಲಿ ಬಟ್ಟಲು ವಾಲುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದುದರಿಂದ ಇಂಥ ಯಂತ್ರಗಳು ಕೊಂಚ ಕಡಮೆ ತೋರಿಸುವುದು ಸಹಜವೇ. ಸಾಹುಕಾರರು ಎರಡನ್ನೂ ಕೇಳಿ, “ಸಾಕು, ಸ್ಪ್ರಿಂಕ್ಲರ್ ಬೇಡ” ಎಂದರು. ರೈಟರು ಮಳೆವಹಿಯನ್ನು ತೆರೆದು ತಮ್ಮ ಬಾಟಲಿಯ ಲೆಕ್ಕವನ್ನು ಮೊದಲು ಬರೆದರು. ಅದರ ಮುಂದೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ನಮ್ಮ ಯಂತ್ರದ್ದನ್ನು.